ವೊಡೇಲಿಯನ್ ಹೆಕ್ಸ್‌ಕ್ಯಾಚರ್: ಮರ್‌ಫೋಕ್ ಡೆಕ್‌ಗೆ ಸೇರಿಸುವುದು ಹೇಗೆ, ಆಡುವುದು ಹೇಗೆ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡುವವರು ಮರ್‌ಫೋಕ್ (ಮತ್ಸ್ಯಮಾನವ) ಡೆಕ್ಕನ್ನು ಮೊದಲಿನಿಂದಲೂ ‘ಫಿಶ್’ (ಮೀನು) ಅಂತಲೇ ಕರೆಯುತ್ತಾರೆ. ಒಂದೇ ಕುಲದ ಜೀವಿಗಳನ್ನು ಒಟ್ಟುಗೂಡಿಸಿ, ಒಂದರ ಬಲದಿಂದ ಇನ್ನೊಂದನ್ನು ದೊಡ್ಡದು ಮಾಡಿ ದಾಳಿ ಮಾಡುವ ಟ್ರೈಬಲ್ ಡೆಕ್ ಇದು. 2022ರ ಸೆಪ್ಟೆಂಬರ್‌ನಲ್ಲಿ ಡೊಮಿನೇರಿಯಾ ಯುನೈಟೆಡ್ ಸೆಟ್‌ನೊಂದಿಗೆ ಬಂದ ವೊಡೇಲಿಯನ್ ಹೆಕ್ಸ್‌ಕ್ಯಾಚರ್, ಮಾಡರ್ನ್ ಎಂಬ ಆಟದ ಮಾದರಿಯಲ್ಲಿ ಈ ಡೆಕ್ ಕಟ್ಟುವ ರೀತಿಯನ್ನೇ ಬದಲಿಸಿತು. ಬಹಳ ಜನ ಇದನ್ನು ‘ಬಲಿ ಕೊಟ್ಟು ಸ್ಪೆಲ್ (ಎದುರಾಳಿ ಆಡಿದ ಕಾರ್ಡ್) ತಡೆಯುವ ಕಾರ್ಡ್’ ಎಂದು ಓದಿಕೊಂಡು, ಸಿಕ್ಕ ಸಿಕ್ಕಲ್ಲಿ ಮೀನುಗಳನ್ನು ಬಲಿ ಕೊಟ್ಟು ಸೋಲುತ್ತಾರೆ. ಇದು ಮೊದಲು ಲಾರ್ಡ್ (ತನ್ನ ಕುಲದವರಿಗೆಲ್ಲ ಬಲ ಕೊಡುವ ಜೀವಿ), ತಡೆ ಆಮೇಲೆ. ಈ ಕ್ರಮ ತಲೆಯಲ್ಲಿ ಕೂತರೆ ಉಳಿದದ್ದು ತಾನಾಗಿ ಬರುತ್ತದೆ.

ಕಾರ್ಡ್‌ನಲ್ಲಿ ಇರುವುದಿಷ್ಟು. ಬೆಲೆ ಎರಡು ಮಾನಾ (ಲ್ಯಾಂಡ್ ಕಾರ್ಡ್‌ಗಳಿಂದ ಬರುವ ಶಕ್ತಿ), ಅದರಲ್ಲಿ ಒಂದು ಮಾತ್ರ ನೀಲಿ. 1/1 ಗಾತ್ರದ (ಏಟು 1, ತಾಳಿಕೆ 1) ಮರ್‌ಫೋಕ್ ವಿಝರ್ಡ್. ಫ್ಲ್ಯಾಶ್ ಇದೆ, ಅಂದರೆ ಎದುರಾಳಿಯ ಸರದಿಯಲ್ಲೂ ಇಳಿಸಬಹುದು. ನಿಮ್ಮ ಇತರ ಮರ್‌ಫೋಕ್‌ಗಳಿಗೆಲ್ಲ +1/+1 ಕೊಡುತ್ತದೆ. ಒಂದು ಮರ್‌ಫೋಕನ್ನು ಬಲಿ ಕೊಟ್ಟರೆ, ಜೀವಿಯಲ್ಲದ ಒಂದು ಸ್ಪೆಲ್ಲನ್ನು ಗುರಿ ಮಾಡಿ, ಅದರ ಒಡೆಯ ಒಂದು ಮಾನಾ ಕಟ್ಟದಿದ್ದರೆ ಆ ಸ್ಪೆಲ್ಲನ್ನು ತಡೆಯುತ್ತದೆ. ಈ ಬಲಿಗೆ ಮಾನಾ ಬೇಡ, ಟ್ಯಾಪ್ (ಬಳಸಿದ ಕಾರ್ಡನ್ನು ಅಡ್ಡ ತಿರುಗಿಸುವುದು) ಬೇಡ. ಆದ್ದರಿಂದ ಇಳಿದ ಕ್ಷಣದಲ್ಲೇ ಬಳಸಬಹುದು, ಹೆಕ್ಸ್‌ಕ್ಯಾಚರ್ ತನ್ನನ್ನೇ ಬಲಿ ಕೊಟ್ಟುಕೊಳ್ಳಲೂಬಹುದು.

ಹನ್ನೆರಡನೆಯ ಲಾರ್ಡ್‌ನ ಲೆಕ್ಕ

ಇದಕ್ಕೂ ಮುಂಚೆ ಪೂರ್ತಿ ನೀಲಿ ಮರ್‌ಫೋಕ್ ಡೆಕ್‌ನಲ್ಲಿ ಎರಡು ಮಾನಾದ ಲಾರ್ಡ್‌ಗಳು ಎರಡೇ: ಲಾರ್ಡ್ ಆಫ್ ಅಟ್ಲಾಂಟಿಸ್ ಮತ್ತು 2012ರಲ್ಲಿ ಬಂದ ಮಾಸ್ಟರ್ ಆಫ್ ದ ಪರ್ಲ್ ಟ್ರೈಡೆಂಟ್. ಮೂರನೆಯದು ಬೇಕೆಂದರೆ ಮೂರು ಮಾನಾ ಕೊಟ್ಟು ಮೆರೋ ರೀಜರಿ ಹಾಕಬೇಕು, ಇಲ್ಲವೇ ಮರ್‌ಫೋಕ್ ಮಿಸ್ಟ್‌ಬೈಂಡರ್‌ಗೋಸ್ಕರ ಹಸಿರು ಬಣ್ಣವನ್ನೂ ಸೇರಿಸಬೇಕು. ಹಸಿರು ಸೇರಿಸಿದರೆ ಬಣ್ಣವಿಲ್ಲದ ಮ್ಯೂಟವಾಲ್ಟ್‌ನಂಥ ಲ್ಯಾಂಡ್‌ಗಳಿಗೆ ಜಾಗ ಕಡಿಮೆಯಾಗುತ್ತದೆ.

60 ಕಾರ್ಡ್‌ಗಳ ಡೆಕ್‌ನಲ್ಲಿ 8 ಲಾರ್ಡ್ ಇದ್ದು, ನೀವೇ ಮೊದಲು ಆಡುತ್ತಿದ್ದರೆ, ಮೂರನೆಯ ಸರದಿಗೆ ನೋಡಿರುವ 9 ಕಾರ್ಡ್‌ಗಳಲ್ಲಿ ಒಂದಾದರೂ ಲಾರ್ಡ್ ಸಿಗುವ ಸಾಧ್ಯತೆ ಸುಮಾರು ನೂರಕ್ಕೆ 75. ಲಾರ್ಡ್‌ಗಳನ್ನು 12 ಮಾಡಿದರೆ ಅದು ಸುಮಾರು 89. ನಾಲ್ಕು ಪಂದ್ಯಕ್ಕೊಮ್ಮೆ ಲಾರ್ಡ್ ಇಲ್ಲದೆ ಒದ್ದಾಡುತ್ತಿದ್ದ ಡೆಕ್, ಈಗ ಒಂಬತ್ತು ಪಂದ್ಯಕ್ಕೊಮ್ಮೆ ಮಾತ್ರ ಹಾಗೆ ಒದ್ದಾಡುತ್ತದೆ. ಈ ಕಾರ್ಡ್ ಕೊಡುವ ದೊಡ್ಡ ಲಾಭ ಇದೇ. ಹಾಗಾಗಿ ನಾಲ್ಕಕ್ಕೆ ನಾಲ್ಕೂ ಹಾಕಿ. ಇದು ಲೆಜೆಂಡರಿ (ಒಬ್ಬರ ಅಂಗಳದಲ್ಲಿ ಒಂದೇ ಇರಬಹುದಾದ ಕಾರ್ಡ್) ಅಲ್ಲ, ಎರಡು ಒಟ್ಟಿಗೆ ಇದ್ದರೆ ಒಂದಕ್ಕೊಂದು ಬಲ ಕೊಟ್ಟು ಎರಡೂ 2/2 ಆಗುತ್ತವೆ.

ಜಾಗ ಮಾಡಲು ಮೊದಲು ತೆಗೆಯಬೇಕಾದ್ದು ಮೆರೋ ರೀಜರಿ. ಆಮೇಲೆ ಕರ್ಸ್‌ಕ್ಯಾಚರ್: ಅದು ಇನ್‌ಸ್ಟೆಂಟ್, ಸಾರ್ಸರಿಗಳನ್ನು (ಒಮ್ಮೆ ಆಡಿದರೆ ಮುಗಿಯುವ ಸ್ಪೆಲ್‌ಗಳನ್ನು) ಮಾತ್ರ ತಡೆಯುತ್ತಿತ್ತು, ತನ್ನನ್ನು ಮಾತ್ರ ಬಲಿ ಕೊಡುತ್ತಿತ್ತು. ಹೆಕ್ಸ್‌ಕ್ಯಾಚರ್ ಆರ್ಟಿಫ್ಯಾಕ್ಟ್, ಎನ್‌ಚಾಂಟ್‌ಮೆಂಟ್, ಪ್ಲೇನ್ಸ್‌ವಾಕರ್‌ಗಳನ್ನೂ ಹಿಡಿಯುತ್ತದೆ.

ಡೆಕ್

ಶುರು ಮಾಡಲು ಮಾಡರ್ನ್‌ಗೆ ಒಪ್ಪುವ 60 ಕಾರ್ಡ್‌ಗಳ ಪಟ್ಟಿ ಇದು:

4 ವೊಡೇಲಿಯನ್ ಹೆಕ್ಸ್‌ಕ್ಯಾಚರ್
4 ಲಾರ್ಡ್ ಆಫ್ ಅಟ್ಲಾಂಟಿಸ್
4 ಮಾಸ್ಟರ್ ಆಫ್ ದ ಪರ್ಲ್ ಟ್ರೈಡೆಂಟ್
4 ಸಿಲ್ವರ್‌ಗಿಲ್ ಅಡೆಪ್ಟ್
4 ಟೈಡ್ ಶೇಪರ್
3 ಸ್ವ್ಯೆಲೂನ್ ಆಫ್ ಸೀ ಅಂಡ್ ಸ್ಕೈ
3 ಟಿಶಾನಾಸ್ ಟೈಡ್‌ಬೈಂಡರ್
2 ಹಾರ್ಬಿಂಜರ್ ಆಫ್ ದ ಟೈಡ್ಸ್
2 ಸಟಲ್ಟಿ
4 ಈಥರ್ ವಯಲ್
3 ಸ್ಪ್ರೆಡಿಂಗ್ ಸೀಸ್
3 ಫೋರ್ಸ್ ಆಫ್ ನೆಗೇಶನ್
4 ಕ್ಯಾವರ್ನ್ ಆಫ್ ಸೋಲ್ಸ್
4 ಮ್ಯೂಟವಾಲ್ಟ್
1 ಒಟವಾರ
11 ಐಲ್ಯಾಂಡ್

ಇದರಲ್ಲಿ 28 ಮರ್‌ಫೋಕ್ ಇವೆ. ಸಿಲ್ವರ್‌ಗಿಲ್ ಅಡೆಪ್ಟ್ ಆಡುವಾಗ ಕೈಯಲ್ಲಿರುವ ಇನ್ನೊಂದು ಮರ್‌ಫೋಕ್ ತೋರಿಸಬೇಕು, ಇಲ್ಲದಿದ್ದರೆ ಮೂರು ಮಾನಾ ಹೆಚ್ಚು ಕೊಡಬೇಕು. 28 ಇದ್ದರೆ ತೋರಿಸಲು ಕೊರತೆ ಬೀಳುವುದು ಅಪರೂಪ. ಲ್ಯಾಂಡ್‌ಗಳ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ: ಹಳೆಯ ಎರಡು ಲಾರ್ಡ್‌ಗಳಿಗೆ ಎರಡು ನೀಲಿ ಮಾನಾ ಬೇಕು, ಹೆಕ್ಸ್‌ಕ್ಯಾಚರ್‌ಗೆ ಒಂದೇ ಸಾಕು. ಕೈಯಲ್ಲಿ ಒಂದು ಐಲ್ಯಾಂಡ್, ಒಂದು ಮ್ಯೂಟವಾಲ್ಟ್ ಇದ್ದರೆ ಲಾರ್ಡ್ ಆಫ್ ಅಟ್ಲಾಂಟಿಸ್ ಇಳಿಯುವುದಿಲ್ಲ, ಹೆಕ್ಸ್‌ಕ್ಯಾಚರ್ ಇಳಿಯುತ್ತದೆ. ಹಾಗಂತ ಮ್ಯೂಟವಾಲ್ಟ್ ನಾಲ್ಕಕ್ಕಿಂತ ಹೆಚ್ಚು ಹಾಕುವಂತೆಯೂ ಇಲ್ಲ, ಬಣ್ಣವಿಲ್ಲದ ಬೇರೆ ಲ್ಯಾಂಡ್ ಸೇರಿಸುವ ಆಸೆಯೂ ಬೇಡ. ಈ ಪಟ್ಟಿಯಲ್ಲಿ ಮರ್‌ಫೋಕ್‌ಗೆ ನೀಲಿ ಕೊಡುವ ಲ್ಯಾಂಡ್ 16. ಅದಕ್ಕಿಂತ ಕೆಳಗಿಳಿದರೆ ಎರಡನೆಯ ಸರದಿಯ ಲಾರ್ಡ್ ಕೈಯಲ್ಲೇ ಕೊಳೆಯುತ್ತದೆ.

ಕ್ಯಾವರ್ನ್ ಇಳಿಸುವಾಗ ಹೇಳಬೇಕಾದ ಕುಲ ‘ಮರ್‌ಫೋಕ್’. ಅದರಿಂದ ಬಂದ ನೀಲಿ ಮಾನಾ ಸಟಲ್ಟಿಗೂ ಬರುವುದಿಲ್ಲ, ಸ್ಪ್ರೆಡಿಂಗ್ ಸೀಸ್‌ಗೂ ಬರುವುದಿಲ್ಲ. ಅವಕ್ಕೆ ಐಲ್ಯಾಂಡ್ ಉಳಿಸಿಕೊಳ್ಳಿ.

ವಯಲ್ ಜೊತೆಗಿನ ಆಟ

ಈಥರ್ ವಯಲ್‌ನ ಮೇಲೆ ನಿಮ್ಮ ಪ್ರತಿ ಅಪ್‌ಕೀಪ್‌ನಲ್ಲಿ (ಸರದಿಯ ಆರಂಭದಲ್ಲಿ) ಒಂದು ಕೌಂಟರ್ (ಎಣಿಕೆಯ ಗುರುತು) ಇಡಬಹುದು. ಅಷ್ಟೇ ಬೆಲೆಯ ಜೀವಿಯನ್ನು ಕೈಯಿಂದ ನೇರವಾಗಿ, ಯಾವ ಕ್ಷಣದಲ್ಲಾದರೂ ಅಂಗಳಕ್ಕೆ ಇಳಿಸಬಹುದು. ಎರಡು ಕೌಂಟರ್‌ಗೆ ಬಂದಾಗ ನಿಲ್ಲಿಸಿ. ಲಾರ್ಡ್‌ಗಳು, ಅಡೆಪ್ಟ್, ಹಾರ್ಬಿಂಜರ್, ಹೆಕ್ಸ್‌ಕ್ಯಾಚರ್ ಎಲ್ಲ ಎರಡರಲ್ಲೇ ಇವೆ. ಕೈಯಲ್ಲಿ ಸ್ವ್ಯೆಲೂನ್ ಅಥವಾ ಟೈಡ್‌ಬೈಂಡರ್ ಇದ್ದು ಎರಡು ಮಾನಾದ ಮೀನುಗಳು ಖಾಲಿಯಾದಾಗ ಮಾತ್ರ ಮೂರಕ್ಕೆ ಏರಿಸಿ. ಕೌಂಟರ್ ಇಡುವುದು ಕಡ್ಡಾಯವಲ್ಲ ಎಂಬುದನ್ನು ಮರೆತು ಅಭ್ಯಾಸಬಲದಿಂದ ಮೂರಕ್ಕೆ ಏರಿಸುವುದು ಹೊಸಬರಲ್ಲಿ ಅತಿ ಸಾಮಾನ್ಯ ತಪ್ಪು.

ವಯಲ್ ಟ್ಯಾಪ್ ಮಾಡುವಾಗ ಯಾವ ಕಾರ್ಡ್ ಎಂದು ಬಾಯಿಬಿಡಬೇಡಿ. ‘ವಯಲ್, ಎರಡರಲ್ಲಿ’ ಎನ್ನಿ, ಸಾಕು. ಕಾರ್ಡ್ ಆಯ್ಕೆ ಆಗುವುದು ವಯಲ್‌ನ ಕೆಲಸ ಮುಗಿಯುವಾಗ. ಎದುರಾಳಿ ಏನಾದರೂ ಮಾಡುವುದಿದ್ದರೆ ಬರುವುದು ಲಾರ್ಡೋ ಹಾರ್ಬಿಂಜರೋ ಹೆಕ್ಸ್‌ಕ್ಯಾಚರೋ ಗೊತ್ತಿಲ್ಲದೆಯೇ ಮಾಡಬೇಕು. ವಯಲ್‌ನಿಂದ ಬರುವುದು ಸ್ಪೆಲ್ ಅಲ್ಲವಾದ್ದರಿಂದ ಕೌಂಟರ್‌ಸ್ಪೆಲ್‌ಗಳಿಗೂ ಸಿಗುವುದಿಲ್ಲ.

ಒಳ್ಳೆಯ ಕೈ ಸಿಕ್ಕಾಗ ಆಟ ಹೀಗೆ ಸಾಗುತ್ತದೆ. ಮೊದಲ ಸರದಿ ವಯಲ್. ಎರಡನೆಯ ಸರದಿ ವಯಲ್ ಒಂದಕ್ಕೆ, ಮಾನಾ ಕೊಟ್ಟು ಲಾರ್ಡ್ ಆಫ್ ಅಟ್ಲಾಂಟಿಸ್. ಎದುರಾಳಿಯ ಸರದಿ ಮುಗಿಯುವ ಹೊತ್ತಿಗೆ ವಯಲ್‌ನಿಂದ ಟೈಡ್ ಶೇಪರ್. ಮೂರನೆಯ ಸರದಿ ವಯಲ್ ಎರಡಕ್ಕೆ, ಮಾನಾ ಕೊಟ್ಟು ಮಾಸ್ಟರ್. ಲಾರ್ಡ್, ಶೇಪರ್ ಎರಡೂ 3/3 ಆಗಿ ದಾಳಿಗೆ ಹೋಗುತ್ತವೆ. ಎದುರಾಳಿ ಅಡ್ಡ ನಿಲ್ಲಿಸುವುದನ್ನು ನಿರ್ಧರಿಸಿದ ಮೇಲೆ ವಯಲ್‌ನಿಂದ ಹೆಕ್ಸ್‌ಕ್ಯಾಚರ್: ಎರಡೂ 4/4. ಯಾರೂ ಅಡ್ಡ ನಿಲ್ಲದಿದ್ದರೆ 8 ಏಟು. ನಾಲ್ಕನೆಯ ಸರದಿಗೆ ಲಾರ್ಡ್ 4, ಮಾಸ್ಟರ್ 4, ಶೇಪರ್ 4, ಹೆಕ್ಸ್‌ಕ್ಯಾಚರ್ 3, ಒಟ್ಟು 15. ಎರಡೂ ಕೂಡಿ 23. ಎದುರಾಳಿಯ 20 ಜೀವ ಮುಗಿಯಿತು.

ಮೂರನೆಯ ಸರದಿಯಲ್ಲಿ ಹೆಕ್ಸ್‌ಕ್ಯಾಚರ್ ಬಂದದ್ದು ಅಡ್ಡ ನಿಲ್ಲುವ ನಿರ್ಧಾರದ ನಂತರ ಎಂಬುದನ್ನು ಗಮನಿಸಿ. ಐಲ್ಯಾಂಡ್‌ವಾಕ್ (ಎದುರಾಳಿಯ ಬಳಿ ಐಲ್ಯಾಂಡ್ ಇದ್ದರೆ ಅಡ್ಡ ನಿಲ್ಲಿಸಲಾಗದ ಗುಣ) ಕೊಡುವ ಲಾರ್ಡ್‌ಗಳನ್ನು ಅಡ್ಡ ನಿಲ್ಲಿಸುವ ಮೊದಲೇ ಇಳಿಸಬೇಕು, ಇಲ್ಲದಿದ್ದರೆ ಆ ಗುಣ ವ್ಯರ್ಥ. ಹೆಕ್ಸ್‌ಕ್ಯಾಚರ್ ಐಲ್ಯಾಂಡ್‌ವಾಕ್ ಕೊಡುವುದಿಲ್ಲ, ಆದ್ದರಿಂದ ತಡವಾಗಿ ಬಂದಷ್ಟೂ ಒಳ್ಳೆಯದು.

ವಯಲ್ ಇಲ್ಲದ ಕೈಯಲ್ಲಿ ಎರಡು ಲ್ಯಾಂಡ್ ತೆರೆದಿಟ್ಟು ಎದುರಾಳಿಯ ಸರದಿಗಾಗಿ ಕಾಯುವ ಆಸೆ ಹುಟ್ಟುತ್ತದೆ. ಎರಡನೆಯ ಸರದಿಯಲ್ಲಿ ಕೈಯಲ್ಲಿ ಬೇರೆ ಲಾರ್ಡ್ ಇದ್ದರೆ ಅದನ್ನು ಇಳಿಸಿ, ಕಾಯಬೇಡಿ. ಅಂಗಳದಲ್ಲಿ ಬೇರೆ ಮೀನೇ ಇಲ್ಲದಾಗ ಹೆಕ್ಸ್‌ಕ್ಯಾಚರ್ ತನ್ನನ್ನೇ ಬಲಿ ಕೊಡಬೇಕಾಗುತ್ತದೆ. ಎರಡು ಮಾನಾ ಕೊಟ್ಟು, ಒಂದು ಮಾನಾದಿಂದ ತಪ್ಪಿಸಿಕೊಳ್ಳಬಹುದಾದ ದುರ್ಬಲ ತಡೆ ಕೊಂಡಂತೆ. ಎದುರಾಳಿ ಇದ್ದ ಮಾನಾ ಎಲ್ಲ ಸುರಿದು ಆಟವನ್ನೇ ತಿರುಗಿಸುವ ಸ್ಪೆಲ್ ಆಡಿದಾಗ ಮಾತ್ರ ಅದು ಸರಿ.

ಬಲಿ ಕೊಡುವ ಕ್ರಮ

ಬಲಿಗೆ ಮೊದಲು ಎದುರಾಳಿಯ ಟ್ಯಾಪ್ ಆಗದ ಲ್ಯಾಂಡ್‌ಗಳನ್ನು ಎಣಿಸಿ. ತಡೆಯಲು ಬೇಕಾದ ಮೀನುಗಳ ಸಂಖ್ಯೆ, ಅವರ ಬಳಿ ಉಳಿದ ಮಾನಾ ಮತ್ತು ಒಂದು. ಅವರ ಬಳಿ ಏನೂ ಉಳಿದಿಲ್ಲದಿದ್ದರೆ ಒಂದು ಮೀನು, ಎರಡು ಉಳಿದಿದ್ದರೆ ಮೂರು. ಮಾನಾ ಕೊಡುವ ಟ್ರೆಶರ್ ಟೋಕನ್‌ಗಳನ್ನೂ ಎಣಿಕೆಗೆ ತೆಗೆದುಕೊಳ್ಳಿ. ಲ್ಯಾಂಡ್ ಮಾತ್ರ ನೋಡಿ ಮೋಸಹೋಗುವವರೇ ಹೆಚ್ಚು.

ಒಂದಕ್ಕಿಂತ ಹೆಚ್ಚು ಬೇಕಾದರೂ ಒಟ್ಟಿಗೆ ಬಲಿ ಕೊಡಬೇಡಿ. ಮೊದಲು ಒಂದು ಕೊಡಿ. ಅವರು ಸುಂಕ (ಆ ಒಂದು ಮಾನಾ) ಕಟ್ಟಿದರೆ ಅವರ ಸ್ಪೆಲ್ ಇನ್ನೂ ಸ್ಟ್ಯಾಕ್‌ನಲ್ಲೇ (ನೆರವೇರಲು ಕಾದಿರುವ ಸಾಲಿನಲ್ಲೇ) ಇರುತ್ತದೆ. ಅದು ನೆರವೇರುವ ಮೊದಲು ನಿಮಗೆ ಮತ್ತೆ ಪ್ರಯಾರಿಟಿ (ಏನಾದರೂ ಮಾಡುವ ಅವಕಾಶ) ಬಂದೇ ಬರುತ್ತದೆ. ಆಗ ಎರಡನೆಯದನ್ನು ಕೊಡಿ. ಮೊದಲನೆಯದಕ್ಕೇ ಅವರು ಕಟ್ಟದೆ ಬಿಟ್ಟರೆ ಎರಡನೆಯ ಮೀನು ಉಳಿಯಿತು.

ಯಾವುದನ್ನು ಕೊಡುವುದು? ಎದುರಾಳಿಯ ಸ್ಪೆಲ್ ಯಾವ ಮೀನನ್ನು ಕೊಲ್ಲಲು ಬಂದಿದೆಯೋ ಅದನ್ನೇ ಕೊಡುವುದು ಎಲ್ಲಕ್ಕಿಂತ ಸುಲಭದ ಬಲಿ. ಲೈಟ್ನಿಂಗ್ ಬೋಲ್ಟ್ ನಿಮ್ಮ ಮಾಸ್ಟರ್ ಮೇಲೆ ಬಂತು ಅನ್ನಿ. ಅದನ್ನೇ ಬಲಿ ಕೊಟ್ಟರೆ, ಅವರು ಸುಂಕ ಕಟ್ಟಿದರೂ ಬೋಲ್ಟ್‌ಗೆ ಗುರಿಯೇ ಇಲ್ಲ. ಆದರೆ ಅದರಿಂದ ನಿಮಗೆ ಲಾಭವೂ ಇಲ್ಲ, ಮಾಸ್ಟರ್ ಹೇಗೂ ಹೋಯಿತು. ಲಾರ್ಡ್ ಉಳಿಸಿಕೊಳ್ಳಬೇಕೆಂದರೆ ಬದಲಿಗೆ ಕಾರ್ಡ್ ಎಳೆದು ಕೆಲಸ ಮುಗಿಸಿದ ಅಡೆಪ್ಟನ್ನು ಕೊಡಿ, ಎದುರಾಳಿಯ ಬಳಿ ಮಾನಾ ಇಲ್ಲದಿದ್ದರೆ ಮಾತ್ರ. ಇಲ್ಲದಿದ್ದರೆ ಎರಡೂ ಹೋಗುತ್ತವೆ.

ಟೈಡ್ ಶೇಪರನ್ನು ಕಿಕ್ಕರ್ (ಹೆಚ್ಚುವರಿ ಮಾನಾ) ಕೊಟ್ಟು ಇಳಿಸಿದ್ದರೆ, ಅದು ಅಂಗಳದಲ್ಲಿರುವವರೆಗೆ ಮಾತ್ರ ಎದುರಾಳಿಯ ಲ್ಯಾಂಡ್ ಐಲ್ಯಾಂಡ್ ಆಗಿರುತ್ತದೆ. ಅದನ್ನು ಬಲಿ ಕೊಟ್ಟೊಡನೆ ಆ ಲ್ಯಾಂಡ್ ಹಳೆಯ ಬಣ್ಣಕ್ಕೆ ಮರಳುತ್ತದೆ, ನಿಮ್ಮ ಐಲ್ಯಾಂಡ್‌ವಾಕ್ ಕೂಡ ಅಲ್ಲಿಗೆ ಮುಗಿಯಿತು. ದಾಳಿಗೆ ಮೊದಲು ಈ ತಪ್ಪು ಮಾಡಿದರೆ ಗೆಲ್ಲುವ ಪಂದ್ಯ ಕೈತಪ್ಪುತ್ತದೆ. ಸ್ವ್ಯೆಲೂನ್ ಇದ್ದಾಗ ಇನ್ನೊಂದು ಎಚ್ಚರ: ಜೊತೆಗೆ ಬೇರೆ ಎರಡು ಮರ್‌ಫೋಕ್ ಇದ್ದರಷ್ಟೇ ಆಕೆ ಅವಿನಾಶಿ. ಬಲಿ ಕೊಡುತ್ತ ಆ ಎಣಿಕೆ ಎರಡಕ್ಕಿಂತ ಕೆಳಗೆ ಹೋಗದಿರಲಿ. ಹೆಕ್ಸ್‌ಕ್ಯಾಚರನ್ನೇ ಬಲಿ ಕೊಟ್ಟರೆ ಉಳಿದವುಗಳ +1/+1 ಕೂಡ ಹೋಗುತ್ತದೆ; ಆಗಲೇ ಏಟು ತಿಂದಿರುವ ಮೀನುಗಳು ಅದೇ ಕ್ಷಣ ಸಾಯಬಹುದು.

ಒಂದು ಮಾನಾ ಕೊಟ್ಟು ಎಬ್ಬಿಸಿದ ಮ್ಯೂಟವಾಲ್ಟ್ ಎಲ್ಲ ಕುಲಕ್ಕೂ ಸೇರುತ್ತದೆ, ಮರ್‌ಫೋಕ್‌ಗೂ. ಅದನ್ನೂ ಬಲಿ ಕೊಡಬಹುದು. ಲ್ಯಾಂಡ್ ಕಳೆದುಕೊಳ್ಳುವುದು ನೋವೇ; ಆದರೆ ಎದುರಾಳಿ ಅಂಗಳವನ್ನೇ ಗುಡಿಸುವ ಸ್ಪೆಲ್ ಆಡಿದಾಗ ನಾಲ್ಕು ಲಾರ್ಡ್‌ಗಳಿಗಿಂತ ಒಂದು ಲ್ಯಾಂಡ್ ದೊಡ್ಡದಲ್ಲ.

ಅಂಗಳ ಗುಡಿಸುವ ಸ್ಪೆಲ್‌ಗಳ ವಿಷಯದಲ್ಲಿ ಲೆಕ್ಕ ಉದಾರವಾಗಿರಲಿ. ಐದು ಮೀನುಗಳಿವೆ, ಎದುರಾಳಿ ಒಂದು ಮಾನಾ ಉಳಿಸಿಕೊಂಡು ಆಂಗರ್ ಆಫ್ ದ ಗಾಡ್ಸ್ ಆಡಿದ್ದಾರೆ ಅಂದುಕೊಳ್ಳಿ. ಎರಡು ಕೊಟ್ಟು ಮೂರು ಉಳಿಸಿಕೊಂಡರೆ ನಿಮ್ಮ ದಾಳಿ ನಿಲ್ಲುವುದಿಲ್ಲ, ಅವರ ಒಂದು ಇಡೀ ಸರದಿ ಹೋಯಿತು. ಆದರೆ ಸುಪ್ರೀಮ್ ವರ್ಡಿಕ್ಟ್‌ನಂಥ, ತಡೆಯಲಾಗದು ಎಂದು ಬರೆದಿರುವ ಸ್ಪೆಲ್ ಮೇಲೆ ಮೀನು ಬಲಿ ಕೊಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಗುರಿ ಮಾಡಲು ನಿಯಮ ಬಿಡುತ್ತದೆ, ಫಲ ಮಾತ್ರ ಸಿಗುವುದಿಲ್ಲ.

ಸುಂಕವನ್ನು ಭಾರ ಮಾಡುವುದು

ಒಂದು ಮಾನಾ ಸಣ್ಣದು. ಅದನ್ನು ಭಾರವಾಗಿಸುವುದು ಡೆಕ್‌ನ ಉಳಿದ ಕಾರ್ಡ್‌ಗಳು. ಸ್ವ್ಯೆಲೂನ್ ಇತರ ಮರ್‌ಫೋಕ್‌ಗಳಿಗೆ ವಾರ್ಡ್ 1 ಕೊಡುತ್ತಾಳೆ: ಗುರಿ ಮಾಡಿದರೆ ಒಂದು ಮಾನಾ ಕಟ್ಟಬೇಕು. ಎದುರಾಳಿ ಎರಡು ಲ್ಯಾಂಡ್ ಇಟ್ಟುಕೊಂಡು ಲಾರ್ಡ್ ಮೇಲೆ ಬೋಲ್ಟ್ ಬಿಟ್ಟರು. ಇಲ್ಲಿ ಆತುರಪಡಬೇಡಿ. ವಾರ್ಡ್ ಮೊದಲು ನೆರವೇರಲಿ, ಅವರು ಎರಡನೆಯ ಲ್ಯಾಂಡ್ ಟ್ಯಾಪ್ ಮಾಡಲಿ. ಆಮೇಲೆ ಒಂದೇ ಬಲಿಗೆ ಬೋಲ್ಟ್ ಬಿದ್ದುಹೋಗುತ್ತದೆ. ಮೊದಲೇ ಬಲಿ ಕೊಟ್ಟಿದ್ದರೆ ಅದೇ ಮಾನಾದಿಂದ ನಿಮ್ಮ ಸುಂಕ ಕಟ್ಟಬೇಕೋ ವಾರ್ಡ್ ಕಟ್ಟಬೇಕೋ ಎಂದು ಆರಿಸುವ ಅವಕಾಶ ಅವರಿಗೆ ಸಿಗುತ್ತಿತ್ತು. ಒಂದು ವಿಷಯ ನೆನಪಿರಲಿ, ಸ್ವ್ಯೆಲೂನ್‌ಗೆ ಸ್ವತಃ ವಾರ್ಡ್ ಇಲ್ಲ.

ಸ್ಪ್ರೆಡಿಂಗ್ ಸೀಸ್ ಎದುರಾಳಿಯ ಲ್ಯಾಂಡನ್ನು ಐಲ್ಯಾಂಡ್ ಮಾಡಿ ಅವರ ಬಣ್ಣ ಕಿತ್ತುಕೊಳ್ಳುತ್ತದೆ, ನಿಮಗೆ ಒಂದು ಕಾರ್ಡನ್ನೂ ಕೊಡುತ್ತದೆ. ರಿಶಾಡನ್ ಡಾಕ್‌ಹ್ಯಾಂಡ್ ಬಳಸುವವರು ಎದುರಾಳಿಯ ಅಪ್‌ಕೀಪ್‌ನಲ್ಲಿ ಒಂದು ಲ್ಯಾಂಡ್ ಟ್ಯಾಪ್ ಮಾಡಿಸಬಹುದು. ಇವೆಲ್ಲ ಸೇರಿದಾಗ ಎದುರಾಳಿ ಮೂರು ಮಾನಾದ ಸ್ಪೆಲ್ಲನ್ನು ನಾಲ್ಕನೆಯ, ಐದನೆಯ ಸರದಿಯವರೆಗೆ ಕೈಯಲ್ಲೇ ಹಿಡಿದು ಕೂರುತ್ತಾರೆ. ಒಂದೂ ಮೀನು ಬಲಿಯಾಗಿಲ್ಲ, ಆದರೂ ಹೆಕ್ಸ್‌ಕ್ಯಾಚರ್ ಕೆಲಸ ಮಾಡಿದೆ. ಆ ಒಂದು ಸರದಿಯಲ್ಲಿ ನೀವು 15 ಏಟು ಹಾಕುತ್ತೀರಿ ಎಂಬುದೇ ಇಲ್ಲಿನ ವ್ಯಾಪಾರ.

ಟ್ರಾನ್ ಡೆಕ್ ವಿರುದ್ಧ ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಉರ್ಝಾದ ಮೂರು ಲ್ಯಾಂಡ್‌ಗಳು ಸೇರಿ ಮೂರನೆಯ ಸರದಿಯಲ್ಲಿ ಕೊಡುವುದು ಸರಿಯಾಗಿ 7 ಮಾನಾ. ಕಾರ್ನ್ ಲಿಬರೇಟೆಡ್‌ನ ಬೆಲೆಯೂ ಸರಿಯಾಗಿ 7. ಒಂದು ಟೈಡ್ ಶೇಪರ್ ಬಲಿಯಾದರೆ ಕಾರ್ನ್ ಬಿದ್ದಂತೆ. ಬ್ಲಡ್ ಮೂನ್ ಅಥವಾ ಚಾಲಿಸ್ ಆಫ್ ದ ವಾಯ್ಡ್ ಆಡುವವರೂ ಸಾಮಾನ್ಯವಾಗಿ ಇದ್ದ ಮಾನಾ ಎಲ್ಲ ಸುರಿದೇ ಆಡುತ್ತಾರೆ. ಅಂಥ ಹೊತ್ತಿಗೆ ಮೀನು ಉಳಿಸುವ ಜಿಪುಣತನ ಬೇಡ.

ಎಲ್ಲಿ ಕೈಕೊಡುತ್ತದೆ

ಜೀವಿಗಳನ್ನು ತಡೆಯುವುದಿಲ್ಲ. ಆಬಿಲಿಟಿಗಳನ್ನೂ ತಡೆಯುವುದಿಲ್ಲ. ಸಾಲಿಟ್ಯೂಡ್ ಎಂಬ ಜೀವಿ ಎವೋಕ್ ಆಗಿ (ಬದಲಿ ಬೆಲೆಗೆ) ಬಂದು ನಿಮ್ಮ ಲಾರ್ಡನ್ನು ಗುರಿ ಮಾಡಿದರೆ ಹೆಕ್ಸ್‌ಕ್ಯಾಚರ್ ಸುಮ್ಮನೆ ನೋಡುತ್ತಿರಬೇಕು. ಗುರಿಯಾದ ಮೀನನ್ನು ‘ಹೇಗೂ ಹೋಗುತ್ತದೆ’ ಎಂದು ಬಲಿ ಕೊಡಲೂ ಆಗದು, ಏಕೆಂದರೆ ಬಲಿ ಕೊಡಲು ಸ್ಟ್ಯಾಕ್‌ನಲ್ಲಿ ಜೀವಿಯಲ್ಲದ ಸ್ಪೆಲ್ ಒಂದು ಗುರಿಯಾಗಿ ಇರಲೇಬೇಕು. ಬೊಸೇಜು ಲ್ಯಾಂಡ್‌ನ ಚಾನೆಲ್ (ಕೈಯಿಂದ ಎಸೆದು ಬಳಸುವ ಆಬಿಲಿಟಿ) ನಿಮ್ಮ ವಯಲ್ ಒಡೆಯಲು ಬಂದಾಗಲೂ ಹೀಗೇ. ಅಲ್ಲಿ ಮಾಡಬಹುದಾದ್ದು, ಒಡೆಯುವ ಮೊದಲು ವಯಲ್ ಟ್ಯಾಪ್ ಮಾಡಿ ಒಂದು ಮೀನು ಇಳಿಸಿಕೊಳ್ಳುವುದು. ಈ ತೂತುಗಳಿಗೆಂದೇ ಪಟ್ಟಿಯಲ್ಲಿ ಟೈಡ್‌ಬೈಂಡರ್ ಮತ್ತು ಸಟಲ್ಟಿ ಇರುವುದು: ಒಂದು ಆಬಿಲಿಟಿಗಳಿಗೆ, ಇನ್ನೊಂದು ಜೀವಿ ಮತ್ತು ಪ್ಲೇನ್ಸ್‌ವಾಕರ್ ಸ್ಪೆಲ್‌ಗಳಿಗೆ.

ಇನ್ನು ಆರ್ಕಿಶ್ ಬೋಮಾಸ್ಟರ್ಸ್. 2023ರಲ್ಲಿ ಬಂದ ಈ ಎರಡು ಮಾನಾದ ಜೀವಿ ಇಳಿಯುತ್ತಲೇ ಒಂದು ಏಟು ಹಾಕುತ್ತದೆ. ಒಂಟಿ ಹೆಕ್ಸ್‌ಕ್ಯಾಚರ್ ಅಲ್ಲೇ ಸತ್ತಿತು. ನಿಮ್ಮ ಅಡೆಪ್ಟ್, ಸೀಸ್, ಸ್ವ್ಯೆಲೂನ್ ಎಳೆಯುವ ಪ್ರತಿ ಹೆಚ್ಚುವರಿ ಕಾರ್ಡ್‌ಗೂ ಅದು ಮತ್ತೆ ಏಟು ಹಾಕುತ್ತದೆ. ಕಪ್ಪು ಡೆಕ್ ಎದುರಿದ್ದರೆ ಹೆಕ್ಸ್‌ಕ್ಯಾಚರನ್ನು ಒಬ್ಬ ಲಾರ್ಡ್ ಇಳಿದ ಮೇಲೆಯೇ ಇಳಿಸಿ, ಆಗ ಅದು 2/2. ಎರಡನೆಯ ಪಂದ್ಯಕ್ಕೆ ಅಡೆಪ್ಟ್‌ಗಳಲ್ಲಿ ಎರಡನ್ನು ತೆಗೆದು ಡಿಸ್ಮೆಂಬರ್ ಹಾಕಿ.

ಕ್ಯಾಸ್ಕೇಡ್ (ಒಂದು ಸ್ಪೆಲ್ ಆಡಿದಾಗ ಇನ್ನೊಂದು ಪುಕ್ಕಟೆ ಬರುವ) ಡೆಕ್‌ಗಳ ಎದುರು ಶಾರ್ಡ್‌ಲೆಸ್ ಏಜೆಂಟ್ ಜೀವಿಯಾದ್ದರಿಂದ ಬಿಡಿ. ಅದರಿಂದ ಬರುವ ಕ್ರಾಶಿಂಗ್ ಫುಟ್‌ಫಾಲ್ಸ್ ಸಾರ್ಸರಿ, ಅದನ್ನು ಹಿಡಿಯಿರಿ. ಲಿವಿಂಗ್ ಎಂಡ್ ವಿರುದ್ಧ ಇನ್ನೂ ಒಂದು ಅಂದದ ದಾರಿ ಇದೆ. ಆ ಸ್ಪೆಲ್ ಸ್ಮಶಾನದಲ್ಲಿರುವ ಜೀವಿಗಳನ್ನು ಎತ್ತಿಟ್ಟು, ಅಂಗಳದಲ್ಲಿರುವವನ್ನು ಬಲಿ ಕೊಡಿಸಿ, ಎತ್ತಿಟ್ಟವನ್ನು ಅಂಗಳಕ್ಕೆ ತರುತ್ತದೆ, ಇಬ್ಬರಿಗೂ. ಎದುರಾಳಿಯ ಬಳಿ ಸುಂಕ ಕಟ್ಟಲು ಎಷ್ಟೇ ಮಾನಾ ಇರಲಿ, ಲಿವಿಂಗ್ ಎಂಡ್ ಸ್ಟ್ಯಾಕ್‌ನಲ್ಲಿದ್ದಾಗ ನಿಮ್ಮ ಮೀನುಗಳನ್ನು ಒಂದೊಂದಾಗಿ ಬಲಿ ಕೊಡಿ, ಕೊನೆಗೆ ಹೆಕ್ಸ್‌ಕ್ಯಾಚರನ್ನೂ. ಸ್ಪೆಲ್ ನೆರವೇರಿದರೆ ನಿಮ್ಮ ಸೈನ್ಯವೂ ಮರಳಿ ಬರುತ್ತದೆ, ಅಡೆಪ್ಟ್‌ಗಳು ಮತ್ತೊಮ್ಮೆ ಕಾರ್ಡ್ ಎಳೆಯುತ್ತವೆ.

ಸೈಡ್‌ಬೋರ್ಡ್‌ಗೆ (ಪಂದ್ಯಗಳ ನಡುವೆ ಬದಲಿಸಿಕೊಳ್ಳುವ ಕಾರ್ಡ್‌ಗಳಿಗೆ) ಡಿಸ್ಮೆಂಬರ್, ಸ್ಮಶಾನ ಖಾಲಿ ಮಾಡುವ ಒಂದು ಆರ್ಟಿಫ್ಯಾಕ್ಟ್, ಬಣ್ಣವಿಲ್ಲದ ಸ್ಪೆಲ್‌ಗಳ ವಿರುದ್ಧ ಕನ್ಸೈನ್ ಟು ಮೆಮರಿ, ಇಷ್ಟಿದ್ದರೆ ಬೆನ್ನೆಲುಬು ಆಯಿತು. ಸೈಡ್‌ಬೋರ್ಡ್ ಮಾಡುವಾಗ ಹೆಕ್ಸ್‌ಕ್ಯಾಚರನ್ನು ತೆಗೆಯಬೇಡಿ. ಎದುರಾಳಿಯ ಡೆಕ್ ತುಂಬ ಜೀವಿಗಳೇ ಇದ್ದರೂ ಅದರ ಲಾರ್ಡ್‌ತನ ಎಲ್ಲಿಗೂ ಹೋಗುವುದಿಲ್ಲ; ಅಂಥಲ್ಲಿ ಫೋರ್ಸ್ ಆಫ್ ನೆಗೇಶನ್ ಹೊರಗೆ ಹೋಗಲಿ.

ಮರ್‌ಫೋಕ್ ಎದುರು ಮರ್‌ಫೋಕ್ ಬಂದಾಗ ಮಾತ್ರ ಆಟ ಬೇರೆ. ಇಬ್ಬರ ಬಳಿಯೂ ಐಲ್ಯಾಂಡ್ ಇದೆ, ಐಲ್ಯಾಂಡ್‌ವಾಕ್ ಸಿಕ್ಕ ಮೀನನ್ನು ಯಾರೂ ಅಡ್ಡ ನಿಲ್ಲಿಸಲಾರರು. ಮಾಸ್ಟರ್ ಮತ್ತು ಹೆಕ್ಸ್‌ಕ್ಯಾಚರ್ ನಿಮ್ಮ ಮೀನುಗಳಿಗಷ್ಟೇ ಬಲ ಕೊಡುತ್ತವೆ. ಲಾರ್ಡ್ ಆಫ್ ಅಟ್ಲಾಂಟಿಸ್ ಅಂಗಳದಲ್ಲಿರುವ ಇತರ ಎಲ್ಲ ಮರ್‌ಫೋಕ್‌ಗೂ, ಎದುರಾಳಿಯವಕ್ಕೂ, +1/+1 ಮತ್ತು ಐಲ್ಯಾಂಡ್‌ವಾಕ್ ಕೊಡುತ್ತದೆ. ಆದ್ದರಿಂದ ಮೊದಲು ಮಾಸ್ಟರ್, ಆಮೇಲೆ ಹೆಕ್ಸ್‌ಕ್ಯಾಚರ್. ಲಾರ್ಡ್ ಆಫ್ ಅಟ್ಲಾಂಟಿಸನ್ನು ಕೈಯಲ್ಲೇ ಇಟ್ಟುಕೊಂಡು, ಆ ಸರದಿಯಲ್ಲೇ ಪಂದ್ಯ ಮುಗಿಯುತ್ತದೆ ಎಂದು ಲೆಕ್ಕ ಸಿಕ್ಕಾಗ, ಎದುರಾಳಿ ಅಡ್ಡ ನಿಲ್ಲಿಸುವ ಮೊದಲು ವಯಲ್‌ನಿಂದ ಇಳಿಸಿ.